ಅವ್ವ ಒಬ್ಬಳೇ ಹೋಗಿಬರುವಂಥ ಜಾಗ

ಬ್ಯಾಂಕಾಕ್‌ಗೆ ಹೊರಟವರು ನನ್ನನ್ನು ಮೊದಲು ಕೇಳುವುದು ರೂಮಿನ ಬಾಡಿಗೆ. ಯಾವ ಹೋಟೆಲ್, ಎಷ್ಟು ಬಿತ್ತು, ಬೆಳಗಿನ ತಿಂಡಿ ಅದರಲ್ಲೇ ಬರುತ್ತಾ. ನಾನು ಉತ್ತರ ಕೊಡುವ ಮೊದಲು ತಿರುಗಿ ಕೇಳುತ್ತೇನೆ: ಜೊತೆಗೆ ಯಾರು ಬರ್ತಿದ್ದಾರೆ? ಅವರಿಗೆ ವಯಸ್ಸೆಷ್ಟು? ಮೊಣಕಾಲು ಹೇಗಿದೆ?

ಧಾರವಾಡದಲ್ಲಿ ಈಗ ಇಂಥ ಪ್ರವಾಸಕ್ಕೆ ಹೊರಡುವವರು ಜಾಸ್ತಿ. ಬ್ಯಾಂಕು, ಶಾಲೆ, ಕಚೇರಿಯಿಂದ ನಿವೃತ್ತರಾದವರು. ಮಕ್ಕಳು ಬೆಂಗಳೂರಿನಲ್ಲೋ ಪುಣೆಯಲ್ಲೋ ಕೂತು ಟಿಕೆಟ್ ತೆಗೆಸುತ್ತಾರೆ, ಫೋನಿನಲ್ಲಿ ಫೋಟೊ ನೋಡಿ ಹೋಟೆಲ್ ಆರಿಸುತ್ತಾರೆ. ಫೋಟೊದಲ್ಲಿ ಈಜುಕೊಳ ಕಾಣುತ್ತದೆ, ಬಿಳಿ ಹಾಸಿಗೆ ಕಾಣುತ್ತದೆ. ರೈಲು ನಿಲ್ದಾಣದಿಂದ ಹೋಟೆಲಿನ ಬಾಗಿಲವರೆಗಿನ ಹಾದಿ ಕಾಣುವುದಿಲ್ಲ. ವಯಸ್ಸಾದವರ ಪ್ರವಾಸ ಚೆನ್ನಾಗಿ ಆಗುವುದೂ ಕೆಡುವುದೂ ಆ ಹಾದಿಯಲ್ಲೇ ಅಂತ ನನಗೆ ಗಟ್ಟಿಯಾಗಿ ಅನಿಸಿದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನನ್ನ ಅವ್ವನಿಗೆ ಎಪ್ಪತ್ತು ದಾಟಿದೆ. ಎರಡೂ ಮೊಣಕಾಲು ಸವೆದಿವೆ ಅಂತ ಡಾಕ್ಟರು ಹೇಳಿದ್ದಾರೆ. ಆದರೂ ಅವಳು ಧಾರವಾಡದಿಂದ ಉಣಕಲ್‌ನ ಗೆಳತಿಯ ಮನೆಗೆ ಒಬ್ಬಳೇ ಹೋಗಿ ಬರುತ್ತಾಳೆ. ಅದು ಸಾಧ್ಯವಾಗಿದ್ದು ಹುಬ್ಬಳ್ಳಿ-ಧಾರವಾಡದ ನಡುವೆ ತನ್ನದೇ ರಸ್ತೆಯಲ್ಲಿ ಓಡುವ ಚಿಗರಿ ಬಸ್ಸಿನಿಂದ. ಹಳೇ ಬಸ್ಸಿನ ಮೊದಲ ಮೆಟ್ಟಿಲು ನೆಲದಿಂದ ಬಹಳ ಎತ್ತರ. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಕಂಬಿ, ಹಿಂದಿನಿಂದ ಜನರ ದಬ್ಬಾಟ. 2018ರಲ್ಲಿ ಚಿಗರಿ ಓಡಲು ಶುರುವಾದ ಮೇಲೆ ಆ ಹೆದರಿಕೆ ಹೋಯಿತು. ನಿಲ್ದಾಣದ ನೆಲವೂ ಬಸ್ಸಿನ ನೆಲವೂ ಒಂದೇ ಮಟ್ಟ. ಬಾಗಿಲು ತೆರೆದರೆ ಕಾಲೆತ್ತದೆ ಒಳಗೆ ಹೋಗಬಹುದು. ಆ ಬಸ್ಸು, ಆ ರಸ್ತೆ, ಅವುಗಳ ಈಗಿನ ಸ್ಥಿತಿ ಬಗ್ಗೆ ನಮ್ಮೂರಲ್ಲಿ ಸಾಕಷ್ಟು ವಾದ ಇದೆ. ಅದು ಬೇರೆ ಮಾತು. ಅವ್ವನ ಮಟ್ಟಿಗೆ ಆ ಒಂದೇ ಮಟ್ಟದ ನೆಲ ದೊಡ್ಡದು. ಕಾರಿನಲ್ಲಿ ಬಿಟ್ಟು ಬರ್ತೇನೆ ಅಂದರೆ ಒಲ್ಲೆ ಅನ್ನುತ್ತಾಳೆ. ತನ್ನ ಹೊತ್ತಿಗೆ ಹೊರಟು, ತನ್ನ ಹೊತ್ತಿಗೆ ತಿರುಗಿ ಬರುವುದರಲ್ಲಿ ಅವಳಿಗೆ ಸುಖ ಇದೆ.

ಅವ್ವ ಮತ್ತು ಗದಗದ ಚಿಗವ್ವನನ್ನು ಕರೆದುಕೊಂಡು ಬ್ಯಾಂಕಾಕ್‌ಗೆ ಹೋಗುವುದು ಅಂತ ಆದಾಗ ನಾನು ಇಟ್ಟುಕೊಂಡ ಅಳತೆ ಇದೇ. ಆ ಊರಲ್ಲೂ ಅವರಿಬ್ಬರು ನನ್ನ ಕೈ ಹಿಡಿಯದೆ ಒಂದಿಷ್ಟು ಓಡಾಡುವಂತಿರಬೇಕು. ಬೆಳಿಗ್ಗೆ ನಾನು ಏಳುವ ಮೊದಲು ಕೆಳಗಿಳಿದು ಒಂದು ಸುತ್ತು ಹಾಕಿ ಬರುವಂತಿರಬೇಕು. ವಯಸ್ಸಾದವರನ್ನು ಸಾಮಾನಿನ ಜೊತೆ ಎಣಿಸಿ ಒಂದು ಕಡೆಯಿಂದ ಇನ್ನೊಂದು ಕಡೆ ಸಾಗಿಸುವ ಪ್ರವಾಸ ನಾನು ಬಹಳ ನೋಡಿದ್ದೇನೆ. ಅವರು ಬಸ್ಸಿನಲ್ಲಿ ಕೂತೇ ಇರುತ್ತಾರೆ. "ನೀವು ನೋಡ್ಕೊಂಡು ಬರ್ರಿ, ನಾವು ಇಲ್ಲೇ ಕುಂದರತೀವಿ" ಅನ್ನುತ್ತಾರೆ. ಕಾಲು ನೋಯುತ್ತದೆ ಅಂತ ಬಾಯಿ ಬಿಟ್ಟು ಹೇಳುವುದಿಲ್ಲ.

ಬ್ಯಾಂಕಾಕ್ ನಮ್ಮ ಕಲ್ಪನೆಗಿಂತ ದೊಡ್ಡದು. ಆಡಳಿತದ ಗಡಿಯೊಳಗೇ 1,569 ಚದರ ಕಿಲೋಮೀಟರ್, 50 ಜಿಲ್ಲೆಗಳು. 1962ರಲ್ಲಿ ಎರಡು ಊರು ಕೂಡಿಸಿ ಮಾಡಿದ ನಮ್ಮ ಹುಬ್ಬಳ್ಳಿ-ಧಾರವಾಡ ಪಾಲಿಕೆ ಸುಮಾರು 200 ಚದರ ಕಿಲೋಮೀಟರ್. ಅಷ್ಟು ದೊಡ್ಡ ಊರಲ್ಲಿ 'ಊರ ನಡುವೆ ರೂಮು' ಅನ್ನುವ ಮಾತು ಏನೂ ಹೇಳುವುದಿಲ್ಲ. ಅರಮನೆ, ಹಳೇ ದೇವಾಲಯಗಳು ನದಿಯ ದಂಡೆಯಲ್ಲಿ. ದೊಡ್ಡ ದೊಡ್ಡ ಮಾಲ್‌ಗಳು ಸಿಯಾಮ್ ಕಡೆ. ಬ್ಯಾಂಕು, ಕಚೇರಿಗಳು ಸಿಲೋಮ್ ಕಡೆ. ಇವೆಲ್ಲವೂ ನಡುವೇ. ಸಂಜೆ ಹೊತ್ತಲ್ಲಿ ಒಂದರಿಂದ ಇನ್ನೊಂದಕ್ಕೆ ಟ್ಯಾಕ್ಸಿಯಲ್ಲಿ ಹೊರಟರೆ ಎಷ್ಟು ಹೊತ್ತಿಗೆ ತಲುಪುತ್ತೀರಿ ಅಂತ ಹೇಳಲು ಬರುವುದಿಲ್ಲ.

ಹಾಗಾಗಿ ಆ ಊರಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ. ಎಷ್ಟು ಮೆಟ್ಟಿಲು, ಎಷ್ಟು ಕಡೆ ರೈಲು ಬದಲಿಸಬೇಕು, ಬಿಸಿಲಲ್ಲಿ ಎಷ್ಟು ನಡೆಯಬೇಕು ಅಂತ ಅಳೆಯಿರಿ.

ಮೊದಲು ಮೆಟ್ಟಿಲು. ರಸ್ತೆಯ ಮೇಲೆ ಕಂಬಗಳ ಮೇಲೆ ಓಡುವ ರೈಲಿಗೆ ಬಿಟಿಎಸ್ ಅನ್ನುತ್ತಾರೆ. ಅದು ಶುರುವಾದದ್ದು 1999ರ ಡಿಸೆಂಬರ್ 5ರಂದು. ಮೊದಲಿಗೆ 23 ನಿಲ್ದಾಣ. ಅವುಗಳಲ್ಲಿ ಹೆಚ್ಚಿನವಕ್ಕೆ ಲಿಫ್ಟ್ ಇರಲಿಲ್ಲ. ನಿಲ್ದಾಣಗಳೆಲ್ಲ ಎತ್ತರದಲ್ಲಿ. ಟಿಕೆಟ್ ಕೊಡುವ ಮಹಡಿ ಒಂದು, ಅದರ ಮೇಲೆ ರೈಲಿನ ಮಹಡಿ ಇನ್ನೊಂದು. ಅಂಗವಿಕಲರು ಕೋರ್ಟಿಗೆ ಹೋದರು. ವರ್ಷಗಟ್ಟಲೆ ಹೋರಾಡಿದರು. 2015ರ ಜನವರಿಯಲ್ಲಿ ಥಾಯ್ಲೆಂಡಿನ ಸರ್ವೋಚ್ಚ ಆಡಳಿತ ನ್ಯಾಯಾಲಯ, ಆ 23 ನಿಲ್ದಾಣಗಳಲ್ಲೂ ಒಂದು ವರ್ಷದೊಳಗೆ ಲಿಫ್ಟ್ ಮತ್ತು ಬೇರೆ ಸೌಲಭ್ಯ ಮಾಡಿಕೊಡಬೇಕು ಅಂತ ನಗರಾಡಳಿತಕ್ಕೆ ಹೇಳಿತು. ಹೇಳಿದ ಗಡುವಿನಲ್ಲಿ ಕೆಲಸ ಮುಗಿಯಲಿಲ್ಲ, ಆದರೆ ಲಿಫ್ಟ್‌ಗಳು ಬಂದವು. ಅವ್ವ ಲಿಫ್ಟಿನೊಳಗೆ ನಿಂತಾಗಲೆಲ್ಲ ನನಗೆ ಆ ಮುಖ ಗೊತ್ತಿಲ್ಲದ ಜನರ ನೆನಪಾಗುತ್ತಿತ್ತು. ಅವರು ಜಗಳ ಮಾಡದೇ ಇದ್ದಿದ್ದರೆ ನನ್ನ ಅವ್ವ ಆ ಊರನ್ನು ಕಾರಿನ ಕಿಟಕಿಯಿಂದ ಮಾತ್ರ ನೋಡುತ್ತಿದ್ದಳು.

ಲಿಫ್ಟ್ ಇದೆ ಅಂದರೆ ಪ್ರತಿ ದ್ವಾರದಲ್ಲೂ ಇದೆ ಅಂತ ಅಲ್ಲ. ಒಂದು ನಿಲ್ದಾಣಕ್ಕೆ ನಾಲ್ಕೋ ಆರೋ ದ್ವಾರ. ಒಂದೊಂದಕ್ಕೂ ನಂಬರ್ ಇರುತ್ತದೆ. ಕೆಲವು ರಸ್ತೆಯ ಈ ಬದಿ, ಕೆಲವು ಆ ಬದಿ. ಒಂದರಲ್ಲಿ ಲಿಫ್ಟ್, ಒಂದರಲ್ಲಿ ಎಸ್ಕಲೇಟರ್, ಇನ್ನೊಂದರಲ್ಲಿ ಬರೀ ಮೆಟ್ಟಿಲು. ಎಸ್ಕಲೇಟರ್ ಒಂದೇ ಇದ್ದ ಕಡೆ ಅದು ಸಾಮಾನ್ಯವಾಗಿ ಮೇಲಕ್ಕೇ ಹೋಗುತ್ತದೆ. ಯುವಕರಿಗೆ ಇದು ಸರಿ ಅನಿಸುತ್ತದೆ, ಇಳಿಯುವುದು ಸುಲಭ ಅಲ್ವಾ ಅಂತ. ಮೊಣಕಾಲು ಸವೆದವರನ್ನು ಕೇಳಿ ನೋಡಿ. ಅವ್ವ ಒಂದು ಕೈ ಕಂಬಿಗೆ ಹಚ್ಚಿ, ಪ್ರತಿ ಮೆಟ್ಟಿಲಿಗೂ ಎರಡೂ ಪಾದ ಕೂಡಿಸಿ ಇಳಿಯುತ್ತಾಳೆ. "ಏರೂದು ಹೆಂಗರ ಆಗತೈತಿ, ಇಳಿಯೂದ ತ್ರಾಸ ನೋಡು" ಅನ್ನುತ್ತಾಳೆ. ಅದಕ್ಕೇ ಹೋಟೆಲ್ ಯಾವ ನಿಲ್ದಾಣಕ್ಕೆ ಹತ್ತಿರ ಅಂತ ಕೇಳಿದರೆ ಸಾಲದು. ಲಿಫ್ಟ್ ಇರುವ ದ್ವಾರ ರಸ್ತೆಯ ಯಾವ ಬದಿ, ಹೋಟೆಲ್ ಯಾವ ಬದಿ ಅಂತ ಕೇಳಬೇಕು. ಗೂಗಲ್ ಮ್ಯಾಪ್‌ನಲ್ಲಿ ಗಾಲಿಕುರ್ಚಿ ಹೋಗುವ ದಾರಿ ತೋರಿಸು ಅನ್ನುವ ಆಯ್ಕೆ ಇದೆ. ಗಾಲಿಕುರ್ಚಿ ಇಲ್ಲದಿದ್ದರೂ ಅದನ್ನು ಒತ್ತಿ ನೋಡಿ.

ನೆಲದಡಿಯ ರೈಲು ಎಮ್‌ಆರ್‌ಟಿ 2004ರಲ್ಲಿ ಬಂತು. ಕೆಳಗಿಳಿದರೆ ತಂಪು, ಅಗಲ, ಸ್ವಚ್ಛ. ಅಲ್ಲಿ ಒಂದು ವಿಶೇಷ ಇದೆ. ಸುರಂಗಕ್ಕೆ ಇಳಿಯುವ ಮೊದಲು ನಾಲ್ಕಾರು ಮೆಟ್ಟಿಲು ಮೇಲೆ ಹತ್ತಬೇಕು. ಚಿಗವ್ವ ಅಲ್ಲೇ ನಿಂತಳು. "ಕೆಳಗ ಹೋಗೂದಕ್ಕ ಮ್ಯಾಲ ಯಾಕ ಹತ್ತಬೇಕವಾ?" ನೆರೆಯ ನೀರು ಒಳಗೆ ನುಗ್ಗಬಾರದು ಅಂತ ಬಾಗಿಲನ್ನೇ ರಸ್ತೆಗಿಂತ ಎತ್ತರಕ್ಕೆ ಕಟ್ಟಿದ್ದಾರೆ. ಆ ಊರು ಸಮುದ್ರಮಟ್ಟದಿಂದ ಒಂದೆರಡು ಮೀಟರ್ ಮಾತ್ರ ಮೇಲಿದೆ. ಧಾರವಾಡ 700 ಮೀಟರಿಗೂ ಎತ್ತರದಲ್ಲಿದೆ. ನಮ್ಮ ಸಂಜೆಯ ಗಾಳಿ ಅಲ್ಲಿ ಇಲ್ಲ. ಸೆಕೆ ಮೈಗೆ ಅಂಟಿಕೊಂಡೇ ಇರುತ್ತದೆ. ಅದಕ್ಕೇ ನಡಿಗೆಯ ಲೆಕ್ಕ ನಮ್ಮೂರಿನ ಹಾಗೆ ಹಾಕಬಾರದು.

ನಡಿಗೆಯ ಲೆಕ್ಕಕ್ಕೆ ನಮ್ಮ ಕಡೆಯವರಿಗೆ ಒಂದು ಒಳ್ಳೇ ಅಳತೆಗೋಲು ಇದೆ. ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ ಉದ್ದನೆಯ ಪ್ಲಾಟ್‌ಫಾರ್ಮ್. 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತಲ್ಲ, ಜಗತ್ತಿನಲ್ಲೇ ಉದ್ದನೆಯದು, 1,507 ಮೀಟರ್. ಹೋಟೆಲಿನವರು "ನಿಲ್ದಾಣದಿಂದ ಬರೀ 500 ಮೀಟರ್" ಅಂತ ಬರೆದಿದ್ದರೆ ಅದು ಆ ಪ್ಲಾಟ್‌ಫಾರ್ಮಿನ ಮೂರನೇ ಒಂದು ಪಾಲು. ಬೆಳಿಗ್ಗೆ ಒಮ್ಮೆ ಹೋಗಿ ಬಂದು, ಸಂಜೆ ಒಮ್ಮೆ ಹೋಗಿ ಬಂದರೆ ಎರಡು ಕಿಲೋಮೀಟರ್. ಅಂದರೆ ಇಡೀ ಪ್ಲಾಟ್‌ಫಾರ್ಮ್ ಈ ತುದಿಯಿಂದ ಆ ತುದಿಗೆ ನಡೆದು, ಇನ್ನೂ ಮುಂದೆ ಹೋದ ಹಾಗೆ. ಅದೂ ಬಿಸಿಲಲ್ಲಿ, ಏರುಪೇರು ಫುಟ್‌ಪಾತಿನ ಮೇಲೆ, ತಿಂಡಿಗಾಡಿಗಳ ನಡುವೆ ದಾರಿ ಮಾಡಿಕೊಂಡು. ಕೆಲವೊಮ್ಮೆ ಬೈಕುಗಳೂ ಫುಟ್‌ಪಾತ್ ಮೇಲೇ ಬರುತ್ತವೆ. ಇನ್ನೂ ಆ ದಿನ ನೋಡಬೇಕಾದ ಜಾಗ ಶುರುವೇ ಆಗಿಲ್ಲ! ನಾನು ಇಟ್ಟುಕೊಂಡ ಮಿತಿ 200 ಮೀಟರ್. ಅದಕ್ಕಿಂತ ದೂರ ಇದ್ದ ಹೋಟೆಲ್ ಎಷ್ಟೇ ಚಂದ ಇರಲಿ, ಎಷ್ಟೇ ಅಗ್ಗ ಇರಲಿ, ಬಿಟ್ಟೆ.

ನಮ್ಮ ಓಣಿಯ ಕಾಕಾ ಒಬ್ಬರು ಇದನ್ನು ಒಪ್ಪಲಿಲ್ಲ. ಅವರೂ ಕಾಕುವನ್ನು ಕರೆದುಕೊಂಡು ಹೊರಟಿದ್ದಾರೆ. ಸುಖುಮ್ವಿಟ್ ರಸ್ತೆಯ ಒಂದು ಸೋಯ್‌ನಲ್ಲಿ ಒಳ್ಳೇ ರೂಮು ಅಗ್ಗಕ್ಕೆ ಸಿಕ್ಕಿದೆ ಅಂತ ಫೋನ್ ಹಿಡಿದು ಮನೆಗೆ ಬಂದರು.

"ಅಲ್ಲವಾ ತಂಗಿ, ಅಷ್ಟ ದೂರ ನಡ್ಯಾಕ ಏನಾಗತೈತಿ? ನಾ ದಿನಾ ಸಾಧನಕೇರಿ ಮಟ ಹೋಗಿ ಬರ್ತೇನಲ್ಲ."

"ನೀವ್ ಹೋಗ್ತೀರಿ ಕಾಕಾ. ಕಾಕು ಬರ್ತಾರೇನ್ರಿ ನಿಮ್ಮ ಜೋಡಿ?"

ಕಾಕಾ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ನಾನು ಸೋಯ್ ಅಂದರೆ ಏನು ಅಂತ ವಿವರವಾಗಿ ಹೇಳಿದೆ. ಇಲ್ಲೂ ಬರೆಯುತ್ತೇನೆ. ನಮ್ಮ ಪಿ.ಬಿ. ರಸ್ತೆ ಹುಬ್ಬಳ್ಳಿ-ಧಾರವಾಡವನ್ನು ಪೋಣಿಸಿದೆಯಲ್ಲ, ಸುಖುಮ್ವಿಟ್ ಕೂಡ ಹಾಗೇ ಊರಿನೊಳಗಿಂದ ಹೊರಟ ಹೆದ್ದಾರಿ. ಕಾಂಬೋಡಿಯಾ ಗಡಿಯ ಕಡೆಯವರೆಗೂ ಹೋಗುತ್ತದೆ. ಊರೊಳಗಿನ ಭಾಗದಲ್ಲಿ ಅದರ ನೆತ್ತಿಯ ಮೇಲೆ ಬಿಟಿಎಸ್ ಓಡುತ್ತದೆ. ಎರಡೂ ಬದಿಗೆ ಒಡೆಯುವ ಅಡ್ಡರಸ್ತೆಗಳೇ ಸೋಯ್‌ಗಳು. ಒಂದು ಬದಿಗೆ ಬೆಸ ಸಂಖ್ಯೆ, ಇನ್ನೊಂದು ಬದಿಗೆ ಸಮ ಸಂಖ್ಯೆ. ಆದರೆ ಎದುರುಬದುರು ಸಂಖ್ಯೆಗಳು ಹೊಂದುವುದಿಲ್ಲ. ಥಾಂಗ್ ಲೋ ಅನ್ನುವ 55ನೇ ಸೋಯ್ ಎದುರಿಗೆ ಇರುವುದು 38. ನಂಬರ್ ಹತ್ತಿರ ಇದೆ ಅಂತ ನಂಬಿ ರಸ್ತೆ ದಾಟಿದರೆ ಎಲ್ಲೋ ನಿಲ್ಲುತ್ತೀರಿ. ಇನ್ನು ಕೆಲವು ಸೋಯ್‌ಗಳು ಒಳಗೊಳಗೆ ಎರಡು ಕಿಲೋಮೀಟರ್ ಹೋಗುತ್ತವೆ. ವಿಳಾಸದಲ್ಲಿ 'ಸುಖುಮ್ವಿಟ್' ಅಂತ ಇರುತ್ತದೆ, ಹೋಟೆಲ್ ಒಳಗೆಲ್ಲೋ ಇರುತ್ತದೆ. ಅಂಥ ಕಡೆ ಅಲ್ಲಿಯ ಜನ ಸೋಯ್ ಬಾಯಲ್ಲಿ ನಿಂತಿರುವ ಬೈಕ್ ಟ್ಯಾಕ್ಸಿ ಹತ್ತಿ ಹೋಗುತ್ತಾರೆ. ಕಿತ್ತಳೆ ಬಣ್ಣದ ಜಾಕೆಟ್ ಹಾಕಿದ ಸವಾರರು. ಬಹಳ ಚುರುಕಾದ, ಅಗ್ಗದ ವ್ಯವಸ್ಥೆ. ಸೀರೆ ಉಟ್ಟ ಕಾಕು ಅದರ ಹಿಂದೆ ಒಂದು ಬದಿಗೆ ಕೂತು ಹೋಗುವುದನ್ನು ನಾನಂತೂ ಒಪ್ಪುವುದಿಲ್ಲ.

ಖಾವೊ ಸಾನ್ ಕಡೆ, ಅಂದರೆ ಅರಮನೆಯ ಹತ್ತಿರದ ಹಳೇ ಊರಲ್ಲಿ ಉಳಿಯುವ ಬಗ್ಗೆಯೂ ಬಹಳ ಜನ ಕೇಳುತ್ತಾರೆ. ಅಲ್ಲಿಂದ ದೇವಾಲಯಗಳು ಹತ್ತಿರ, ನಿಜ. ಆದರೆ ಆ ಬೀದಿಯ ಹತ್ತಿರ ರೈಲಿಲ್ಲ, ರಾತ್ರಿ ಗದ್ದಲ ಬೇರೆ. ಯುವಕರಿಗೆ ಸರಿ.

ನಾವು ಉಳಿದದ್ದು ಸಿಲೋಮ್ ಕಡೆ. ಅಲ್ಲಿ ಬಿಟಿಎಸ್‌ನ ಸಾಲಾ ಡೇಂಗ್ ನಿಲ್ದಾಣ, ಎಮ್‌ಆರ್‌ಟಿಯ ಸಿಲೋಮ್ ನಿಲ್ದಾಣ ಎರಡೂ ಒಂದಕ್ಕೊಂದು ಜೋಡಿಸಿಕೊಂಡಿವೆ. ಬಾಡಿಗೆ ಒಳಗಿನ ಸೋಯ್‌ಗಳಿಗಿಂತ ಜಾಸ್ತಿಯೇ. ಆ ಹೆಚ್ಚಿನ ದುಡ್ಡು ಬೇರೆ ರೀತಿಯಲ್ಲಿ ತಿರುಗಿ ಬಂತು. ಸಿಲೋಮ್‌ನಿಂದ ಎಮ್‌ಆರ್‌ಟಿ ಹತ್ತಿದರೆ ಎಲ್ಲೂ ಬದಲಿಸದೆ ಸನಮ್ ಚಾಯ್‌ನಲ್ಲಿ ಇಳಿಯಬಹುದು. 2019ರಲ್ಲಿ ಆ ಮಾರ್ಗ ತೆರೆಯುವವರೆಗೆ ಹಳೇ ಊರಿಗೆ ರೈಲೇ ಇರಲಿಲ್ಲ. ಈಗ ಮೇಲೆ ಬಂದರೆ ವಾಟ್ ಪೋ ದೇವಾಲಯ ಹತ್ತಿರವೇ. ಸನಮ್ ಚಾಯ್ ನಿಲ್ದಾಣವನ್ನೇ ಅರಮನೆಯ ಒಳಾಂಗಣದ ಹಾಗೆ ಕಟ್ಟಿದ್ದಾರೆ, ಕಂಬ, ಚಿನ್ನದ ಬಣ್ಣದ ಚಿತ್ತಾರ ಎಲ್ಲ. ಅವ್ವ ಅಲ್ಲೇ ಕಂಬಕ್ಕೆ ಒರಗಿ ಬಹಳ ಹೊತ್ತು ನಿಂತಳು. ವಾಟ್ ಪೋದಲ್ಲಿ ಮಲಗಿದ ಬುದ್ಧ 46 ಮೀಟರ್ ಉದ್ದ. ಪಾದದ ಅಡಿಯಲ್ಲಿ ಮುತ್ತಿನ ಚಿಪ್ಪು ಕೂರಿಸಿ ಮಾಡಿದ 108 ಮಂಗಳ ಚಿಹ್ನೆಗಳಿವೆ. ಅದನ್ನು ನೋಡುತ್ತಾ ಇಬ್ಬರೂ ಅಕ್ಕತಂಗಿಯರು ಕೈಮುಗಿದು ನಿಂತುಬಿಟ್ಟರು. ಅರಮನೆಗೆ ಹೋಗಲೇ ಇಲ್ಲ. ಬಿಸಿಲಲ್ಲಿ ಅಷ್ಟು ದೊಡ್ಡ ಅಂಗಳ ಸುತ್ತುವ ಶಕ್ತಿಯನ್ನು ಬುದ್ಧನ ಮುಂದೆಯೇ ಖರ್ಚು ಮಾಡಿದ್ದರು. ಅದು ಅವರದೇ ತೀರ್ಮಾನ, ನನಗೆ ಇಷ್ಟವಾಯಿತು.

ಇನ್ನು ಬಿಟಿಎಸ್‌ನ ಸಿಲೋಮ್ ಮಾರ್ಗ ಹಿಡಿದರೆ ಸಫಾನ್ ತಾಕ್ಸಿನ್‌ನಲ್ಲಿ ನದಿ ಸಿಗುತ್ತದೆ. ನಿಲ್ದಾಣದ ಕೆಳಗೇ ದೋಣಿಕಟ್ಟೆ. ಸುರಸಕ್ ನಿಲ್ದಾಣದ ಕಡೆಯಿಂದ ಪಾನ್ ರಸ್ತೆಯಲ್ಲಿ ನಡೆದರೆ ಮಾರಿಯಮ್ಮನ ಗುಡಿ. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿಗೆ ಹೋದ ತಮಿಳರು ಕಟ್ಟಿಕೊಂಡದ್ದು. ಈಗ ಅಲ್ಲಿ ನಮಗಿಂತ ಹೆಚ್ಚಾಗಿ ಥಾಯ್ ಜನರೇ ಹೂವಿನ ಹಾರ ಹಿಡಿದು ಸಾಲಲ್ಲಿ ನಿಂತಿರುತ್ತಾರೆ. ಆಫೀಸಿಗೆ ಹೋಗುವ ಹುಡುಗಿಯರು ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ, ಗಣಪತಿ ಮುಂದೆ ಮೊಣಕಾಲೂರಿ ಕೂತಿದ್ದರು.

ರೂಮಿನ ಒಳಗಿನ ಮಾತಿಗೆ ಬರುತ್ತೇನೆ. ಇದನ್ನು ಯಾರೂ ಬರೆಯುವುದಿಲ್ಲ, ಆದರೆ ಬಹಳ ಮುಖ್ಯ. ಹಳೇ ಹೋಟೆಲುಗಳಲ್ಲಿ ಸ್ನಾನದ ತೊಟ್ಟಿ ಇರುತ್ತದೆ. ಶವರ್ ಆ ತೊಟ್ಟಿಯ ಒಳಗೇ. ಸ್ನಾನ ಮಾಡಬೇಕಾದರೆ ಮೊಣಕಾಲೆತ್ತರದ ಅಂಚು ದಾಟಿ ನುಣುಪಾದ ನೆಲದ ಮೇಲೆ ಕಾಲಿಡಬೇಕು. ಎಪ್ಪತ್ತು ದಾಟಿದವರಿಗೆ ಇಡೀ ಪ್ರವಾಸದ ಅತಿ ಅಪಾಯದ ಜಾಗ ಅದೇ. ಹೊರಡುವ ಮುಂಚೆ ಹೋಟೆಲಿಗೆ ಸಂದೇಶ ಕಳಿಸಿ, ತೊಟ್ಟಿ ಇಲ್ಲದ, ನೆಲಮಟ್ಟದ ಶವರ್ ಇರುವ ರೂಮು ಬೇಕು ಅಂತ ಕೇಳಿ. ನಾನು ಕೇಳಿದೆ, ಕೊಟ್ಟರು. ಶೌಚಾಲಯದಲ್ಲಿ ನೀರಿನ ಪೈಪಿನ ಚಿಂತೆ ಬೇಡ. ಥಾಯ್ಲೆಂಡಿನಲ್ಲಿ ಅದು ನಮ್ಮ ಹಾಗೇ ಎಲ್ಲ ಕಡೆ ಇರುತ್ತದೆ. ಇದನ್ನು ಕೇಳಿಯೇ ಚಿಗವ್ವ ಹೊರಡಲು ಒಪ್ಪಿದ್ದು.

ಇನ್ನೊಂದು, ರೂಮು ಸಿಗುವ ಹೊತ್ತು. ಬೆಂಗಳೂರಿನಿಂದ ರಾತ್ರಿ ಹೊರಡುವ ವಿಮಾನ ನಾಲ್ಕು ಗಂಟೆಯೊಳಗೆ ಅಲ್ಲಿ ಇಳಿಯುತ್ತದೆ. ಅಲ್ಲಿಯ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ. ನಸುಕಿನಲ್ಲಿ ಹೊರಗೆ ಬರುತ್ತೀರಿ. ಹೋಟೆಲ್ ರೂಮು ಕೊಡುವುದು ಮಧ್ಯಾಹ್ನ ಎರಡಕ್ಕೆ. ಧಾರವಾಡದಿಂದ ಹಿಂದಿನ ದಿನವೇ ರೈಲು ಹತ್ತಿದವರು, ರಾತ್ರಿಯಿಡೀ ಕಣ್ಣು ಮುಚ್ಚದವರು. ಅವರನ್ನು ಸೋಫಾ ಮೇಲೆ ಕೂರಿಸಿ ಮಧ್ಯಾಹ್ನದವರೆಗೆ ಕಾಯಿಸಬೇಡಿ. ಹಿಂದಿನ ರಾತ್ರಿಯಿಂದಲೇ ರೂಮು ಹಿಡಿಯಿರಿ. ಇದು ದುಂದು ಅಂತ ಕಾಕಾನಂಥವರು ಹೇಳುತ್ತಾರೆ. ಹೋದ ಕೂಡಲೇ ಸ್ನಾನ ಮಾಡಿ ಕಾಲು ಚಾಚಿ ಮಲಗಿದ ಆ ಮೂರು ತಾಸು ಮುಂದಿನ ದಿನಗಳನ್ನೆಲ್ಲ ಉಳಿಸುತ್ತದೆ.

ಸುವರ್ಣಭೂಮಿ ವಿಮಾನ ನಿಲ್ದಾಣದಿಂದ ಊರೊಳಗೆ ರೈಲಿದೆ. 2010ರಿಂದ ಓಡುತ್ತಿದೆ, ಅರ್ಧ ಗಂಟೆಯೊಳಗೆ ಫಯಾ ಥಾಯ್ ತಲುಪಿಸುತ್ತದೆ, ಅಲ್ಲಿಂದ ಬಿಟಿಎಸ್. ಸಿಯಾಮ್‌ನಲ್ಲಿ ರೈಲು ಬದಲಿಸಿದರೆ ಸಾಲಾ ಡೇಂಗ್. ಆ ಬದಲಿ ತುಂಬ ಸುಲಭ, ಅದೇ ಪ್ಲಾಟ್‌ಫಾರ್ಮಿನ ಎದುರು ಬದಿಗೆ ಹೋದರಾಯಿತು. ಒಬ್ಬಳೇ ಇದ್ದಿದ್ದರೆ ನಾನು ಅದರಲ್ಲೇ ಹೋಗುತ್ತಿದ್ದೆ. ಅವತ್ತು ಟ್ಯಾಕ್ಸಿ ಹಿಡಿದೆ. ಮೀಟರಿನ ಮೇಲೆ ವಿಮಾನ ನಿಲ್ದಾಣದ ಶುಲ್ಕ ಮತ್ತು ಹೆದ್ದಾರಿ ಟೋಲ್ ಬೇರೆ ಕೊಡಬೇಕು, ಅದು ನಿಯಮದ್ದೇ. ಬ್ಯಾಂಕಾಕ್‌ನಲ್ಲಿ ಇನ್ನೊಂದು ವಿಮಾನ ನಿಲ್ದಾಣವೂ ಇದೆ, ಡಾನ್ ಮುಯಾಂಗ್. ಅದು ಊರಿನ ಇನ್ನೊಂದು ದಿಕ್ಕು. ಟಿಕೆಟ್‌ನಲ್ಲಿ ಯಾವುದು ಅಂತ ನೋಡಿಕೊಂಡೇ ಉಳಿಯುವ ಜಾಗ ಆರಿಸಿ.

ಟಿಕೆಟ್ ವಿಷಯ ಚುಟುಕಾಗಿ: ಬಿಟಿಎಸ್‌ದೇ ಬೇರೆ, ಎಮ್‌ಆರ್‌ಟಿದೇ ಬೇರೆ. ಎಮ್‌ಆರ್‌ಟಿಯಲ್ಲಿ ತಾಗಿಸುವ ಬ್ಯಾಂಕ್ ಕಾರ್ಡ್ ನಡೆಯುತ್ತದೆ, ಆದರೆ ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್ ಬೇಕು. ಇಲ್ಲದಿದ್ದರೆ ಯಂತ್ರದಲ್ಲಿ ಕಪ್ಪು ಬಿಲ್ಲೆ ತೆಗೆದುಕೊಳ್ಳಿ. ಅವ್ವ ಆ ಬಿಲ್ಲೆಯನ್ನು ಕರವಸ್ತ್ರದ ತುದಿಗೆ ಗಂಟು ಹಾಕಿ ಇಟ್ಟುಕೊಳ್ಳುತ್ತಿದ್ದಳು. ಇಳಿಯುವಾಗ ಯಂತ್ರ ಅದನ್ನು ನುಂಗಿದರೆ ಪ್ರತಿ ಸಲವೂ ಬೇಜಾರು.

ರೈಲಿನಲ್ಲಿ ವಯಸ್ಸಾದವರಿಗೆ, ಬೌದ್ಧ ಬಿಕ್ಕುಗಳಿಗೆ ಸೀಟು ಬೇರೆ ಇದೆ. ಹುಡುಗರು ಫೋನಿನಿಂದ ತಲೆಯೆತ್ತಿ ಅವ್ವನನ್ನು ನೋಡಿದ ತಕ್ಷಣ ಎದ್ದು ನಿಲ್ಲುತ್ತಿದ್ದರು. ಬಿಕ್ಕುಗಳ ಪಕ್ಕ ಹೆಂಗಸರು ಕೂರುವುದಿಲ್ಲ, ಅಲ್ಲಿಯ ಪದ್ಧತಿ ಹಾಗೆ, ಅದನ್ನು ಮೊದಲೇ ಹೇಳಿದ್ದೆ. ಒಂದು ಸಂಜೆ ಆರು ಗಂಟೆಗೆ ನಿಲ್ದಾಣದಲ್ಲಿದ್ದಾಗ ಧ್ವನಿವರ್ಧಕದಲ್ಲಿ ರಾಷ್ಟ್ರಗೀತೆ ಬಂತು. ಓಡುತ್ತಿದ್ದವರೆಲ್ಲ ಇದ್ದಲ್ಲೇ ನಿಂತರು. ಬೆಳಿಗ್ಗೆ ಎಂಟಕ್ಕೂ ಹೀಗೇ. ಚಿಗವ್ವ ಗದಗದ ಶಾಲೆಯಲ್ಲಿ ಟೀಚರ್ ಆಗಿದ್ದವಳು. ಕೈಚೀಲ ಕೆಳಗಿಟ್ಟು, ಎರಡೂ ಕೈ ಪಕ್ಕಕ್ಕೆ ಇಳಿಬಿಟ್ಟು, ನೆಟ್ಟಗೆ ನಿಂತಳು.

ದೋಣಿಯ ಬಗ್ಗೆ ಎಚ್ಚರ ಹೇಳಲೇಬೇಕು. ಚಾವೊ ಫ್ರಾಯಾ ನದಿಯ ದೋಣಿಗಳು ಅಗಲ, ಸೀಟು ಇರುತ್ತವೆ. ದೋಣಿಕಟ್ಟೆಗೆ ತಾಗಿದಾಗ ಹುಡುಗ ಸೀಟಿ ಊದುತ್ತಾ ಹಗ್ಗ ಸುತ್ತುತ್ತಾನೆ. ದೋಣಿ ಏಳುತ್ತದೆ, ಇಳಿಯುತ್ತದೆ. ಆ ಸಂದಿನಲ್ಲಿ ಕಾಲಿಡಬೇಕು. ಕೈ ಹಿಡಿಯಲು ಒಬ್ಬರಿದ್ದರೆ ಅವ್ವನಂಥವರೂ ಹೋಗಬಹುದು, ಹೋಗಲೇಬೇಕು. ಸಾನ್ ಸ್ಯಾಪ್ ಕಾಲುವೆಯ ದೋಣಿ ಹಾಗಲ್ಲ. ಟ್ರಾಫಿಕ್ ತಪ್ಪಿಸಲು ಅದಕ್ಕಿಂತ ಬೇಗದ ದಾರಿ ಇಲ್ಲ, ಆದರೆ ದೋಣಿಯ ಅಂಚು ದಾಟಿ, ಹಗ್ಗ ಹಿಡಿದು ಒಳಗೆ ಇಳಿಯಬೇಕು. ನಿಲ್ಲುವುದೂ ಕೆಲವೇ ಕ್ಷಣ. ನಾನು ಅವರನ್ನು ಅದಕ್ಕೆ ಹತ್ತಿಸಲಿಲ್ಲ.

ಊಟದ್ದು ಉದ್ದ ಕಥೆ. ನಾವು ಶುದ್ಧ ಶಾಕಾಹಾರಿಗಳು. ಅಲ್ಲಿ ತರಕಾರಿ ಪಲ್ಯಕ್ಕೂ ಮೀನಿನ ಸಾರದ ನೀರು ಬೀಳುತ್ತದೆ, 'ನಾಮ್ ಪ್ಲಾ' ಅಂತ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ 'ಜೇ' ಅಂತ ಬರೆದ ಗಾಡಿಗಳು, ಅಂಗಡಿಗಳು ಇರುತ್ತವೆ. ಅಲ್ಲಿ ಮೀನು, ಮಾಂಸ, ಮೊಟ್ಟೆ ಇಲ್ಲ, ಉಳ್ಳಾಗಡ್ಡಿ ಬಳ್ಳೊಳ್ಳಿ ಕೂಡ ಇಲ್ಲ. ಅಕ್ಷರ ಓದಲು ಬಾರದಿದ್ದರೂ ಬಣ್ಣ ನೋಡಿ ಗುರುತಿಸಬಹುದು. ಸ್ಯಾಮ್ ಯೋಟ್ ನಿಲ್ದಾಣದಲ್ಲಿ ಇಳಿದರೆ ಫಾಹುರತ್, ಅಲ್ಲಿಯ ಬಟ್ಟೆಯಂಗಡಿಗಳ ನಡುವೆ ಚಿನ್ನದ ಗುಮ್ಮಟದ ಗುರುದ್ವಾರ, ಸುತ್ತ ಭಾರತೀಯ ಊಟ. ಮನೆಯಿಂದ ಒಯ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಉಳಿದದ್ದನ್ನು ನೋಡಿಕೊಂಡಿತು.

ಆದರೆ ನಾನು ಈ ಬರಹ ಬರೆಯಲು ಕಾರಣ ಲುಂಪಿನಿ ಪಾರ್ಕ್. ಸಿಲೋಮ್ ರಸ್ತೆಯ ತುದಿಯಲ್ಲೇ ಇದೆ. 1920ರ ದಶಕದಲ್ಲಿ ಆರನೇ ರಾಮ ಬಿರುದಿನ ರಾಜ ವಜಿರಾವುಧ್ ಕೊಟ್ಟ ಜಾಗ, ಸುಮಾರು 140 ಎಕರೆ. ಒಳಗೆ ಕೆರೆ, ಸುತ್ತ ಎರಡೂವರೆ ಕಿಲೋಮೀಟರಿನ ನಡಿಗೆ ದಾರಿ, ದೊಡ್ಡ ಮರಗಳು. ಬೆಳಿಗ್ಗೆ ಕತ್ತಲಿದ್ದಾಗಲೇ ತೆರೆಯುತ್ತದೆ. ಮೊದಲ ದಿನ ನಾನು ಜೊತೆಗೆ ಹೋಗಿ ಯಾವ ಸಿಗ್ನಲ್‌ನಲ್ಲಿ ದಾಟಬೇಕು, ಯಾವ ಬಾಗಿಲು ಅಂತ ತೋರಿಸಿದೆ. ಹೋಟೆಲಿನ ಹೆಸರು, ವಿಳಾಸ ಥಾಯ್ ಅಕ್ಷರದಲ್ಲಿ ಇರುವ ಕಾರ್ಡನ್ನು ಇಬ್ಬರ ಚೀಲದಲ್ಲೂ ಹಾಕಿದೆ.

ಮಾರನೇ ದಿನ ಬೆಳಿಗ್ಗೆ ಅವ್ವ ಮೆಲ್ಲಗೆ ಅಂದಳು, "ನೀ ಮಕ್ಕೋ. ನಾವಿಬ್ಬರೂ ಹೋಗಿ ಬರ್ತೇವಿ." ನಾನು ಕಿಟಕಿಯಿಂದ ನೋಡುತ್ತಿದ್ದೆ. ಇಳಕಲ್ ಸೀರೆ, ಕಾಲಲ್ಲಿ ಬಿಳಿ ಕ್ಯಾನ್ವಾಸ್ ಬೂಟು. ಫುಟ್‌ಪಾತಿನ ಬದಿ ಹಿಡಿದು ಇಬ್ಬರೂ ಸಾವಕಾಶ ನಡೆದರು, ಸಿಗ್ನಲ್‌ನಲ್ಲಿ ನಿಂತರು, ಹಸಿರು ಬಂದ ಮೇಲೂ ಎರಡೂ ಕಡೆ ನೋಡಿ ದಾಟಿದರು.

ತಿರುಗಿ ಬಂದಾಗ ಬಿಸಿಲು ಏರಿತ್ತು. ಚಿಗವ್ವನ ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರಲ್ಲಿ ಹೆಚ್ಚಿದ ಪೇರಲಹಣ್ಣು, ಜೊತೆಗೆ ಖಾರ-ಉಪ್ಪಿನ ಪುಟ್ಟ ಪೊಟ್ಟಣ. ಗಾಡಿಯವಳ ಜೊತೆ ಬೆರಳಲ್ಲೇ ಲೆಕ್ಕ ಮಾಡಿ ತಂದಿದ್ದರು. ಕೆರೆ ದಂಡೆಯಲ್ಲಿ ಉಡ ನೋಡಿದ್ದರು. "ಇಷ್ಟುದ್ದ ಐತಿ, ಮಂದಿ ಬಾಜೂಕ ನಡ್ಯಾಕತ್ತಿದ್ರೂ ತಾನ ಸುಮ್ಮ ಮಕ್ಕೊಂಡೈತಿ" ಅಂತ ಅವ್ವ ಕೈ ಅಗಲಿಸಿ ತೋರಿಸಿದಳು. ಅಲ್ಲಿ ವಯಸ್ಸಾದ ಹೆಂಗಸರು ಸಾಲಾಗಿ ನಿಂತು ನಿಧಾನಕ್ಕೆ ಕೈಕಾಲು ಆಡಿಸುವ ಚೀನೀ ವ್ಯಾಯಾಮ ಮಾಡುತ್ತಿದ್ದರಂತೆ. ಇವರಿಬ್ಬರೂ ಹಿಂದಿನ ಸಾಲಲ್ಲಿ ನಿಂತರಂತೆ. ಯಾರೋ ಅವ್ವನ ಮೊಣಕೈ ಹಿಡಿದು ಸರಿ ಮಾಡಿ ತೋರಿಸಿದರಂತೆ. ಅದಾದ ಮೇಲೆ ದಿನಾ ಬೆಳಿಗ್ಗೆ ಅದೇ. ನನ್ನನ್ನು ಎಬ್ಬಿಸುವುದೂ ಬಿಟ್ಟರು. ನಾನು ತೋರಿಸಿದ ಯಾವ ಜಾಗದ ಬಗ್ಗೆಯೂ ಅವ್ವ ಅಷ್ಟು ಮಾತಾಡಿಲ್ಲ. ಉಣಕಲ್‌ನ ಗೆಳತಿಗೆ ಫೋನಿನಲ್ಲಿ ಹೇಳಿದ್ದು ಪಾರ್ಕಿನ ಸುದ್ದಿ, ಪೇರಲದ ಸುದ್ದಿ.

ರೂಮಿಗೆ ಕೊಟ್ಟ ಹೆಚ್ಚಿನ ಬಾಡಿಗೆಯಲ್ಲಿ ನಾನು ಕೊಂಡದ್ದು ಇದನ್ನೇ. ಹೋಟೆಲಿನ ಜಾಹೀರಾತಿನಲ್ಲಿ ಇದು ಇರಲಿಲ್ಲ. ನಮ್ಮ ಕಡೆಯ ಲಾಡ್ಜುಗಳವರೂ, ಪ್ರವಾಸ ಏರ್ಪಡಿಸುವವರೂ ಇಷ್ಟನ್ನು ಬರೆಯಲು ಶುರು ಮಾಡಬೇಕು ಅಂತ ನನ್ನ ಬೇಡಿಕೆ: ರಸ್ತೆಯಿಂದ ರೂಮಿನವರೆಗೆ ಎಷ್ಟು ಮೆಟ್ಟಿಲು, ಬಚ್ಚಲಲ್ಲಿ ಹಿಡಿಯಲು ಕಂಬಿ ಇದೆಯಾ, ಹತ್ತಿರದಲ್ಲಿ ಕೂರಲು ನೆರಳಿದೆಯಾ. ಬರೆಯಲು ಖರ್ಚಿಲ್ಲ.

ಕಾಕಾ ಕೊನೆಗೆ ಸುಖುಮ್ವಿಟ್ ಒಳಗಿನ ರೂಮು ಬಿಟ್ಟರು. ಕಾಕುಗೆ ದಿನಾ ಮಾರಿಯಮ್ಮನ ಗುಡಿಗೆ ಹೋಗುವ ಆಸೆ, ಹಾಗಾಗಿ ಸಿಲೋಮ್‌ನಲ್ಲೇ ಗುಡಿಗೆ ಹತ್ತಿರದ ತುದಿಯಲ್ಲಿ ಹುಡುಕಿ ಅಂದೆ. ಸಿಕ್ಕಿದೆ. ಮಳೆಗಾಲ ಮುಗಿದ ಮೇಲೆ, ನವೆಂಬರ್‌ನಲ್ಲಿ ಹೊರಡುತ್ತಾರೆ. ಈಗ ಫೋನ್ ಮಾಡುವುದು ಕಾಕಾ ಅಲ್ಲ, ಕಾಕು. ಅವರಿಗೆ ದೋಣಿಯಲ್ಲಿ ಹೋಗಬೇಕಂತೆ. ಬೆಳಿಗ್ಗೆ ಆಫೀಸಿನ ಜನರ ಗದ್ದಲ ಕಳೆದ ಮೇಲೆ ಹೋಗ್ರಿ, ಹತ್ತುವ ಬಾಗಿಲಿನ ಹತ್ತಿರವೇ ಕೂಡ್ರಿ, ದೋಣಿಗೆ ಹಗ್ಗ ಬಿಗಿಯುವವರೆಗೆ ಎದ್ದು ನಿಲ್ಲಬೇಡ್ರಿ, ಕಾಕಾನ್ನ ಮೊದಲು ಇಳಿಸಿ ಆಮೇಲೆ ಅವರ ಕೈ ಹಿಡಿದು ಇಳೀರಿ ಅಂತ ಹೇಳಿದ್ದೇನೆ.